ದಿನಾ ಹಾಕುವ ಉಂಗುರ: 925 ಬೆಳ್ಳಿಯೋ, 22 ಕ್ಯಾರೆಟ್ ಬಂಗಾರವೋ?

ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಕೈಗೆ ಬರುವ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಚಿನ್ನದ ಅಂಗಡಿಗಳಲ್ಲಿ ಕೂರೋಕೆ ಜಾಗ ಇರುವುದಿಲ್ಲ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದವರು ಬ್ಯಾಗು ಮಡಿಲಲ್ಲಿಟ್ಟುಕೊಂಡು ಕಾಯುತ್ತಿರುತ್ತಾರೆ. ಆದರೆ 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿಯ ಬೆಲೆ ಲಕ್ಷ ರೂಪಾಯಿ ಮುಟ್ಟಿತಲ್ಲ, ಅಲ್ಲಿಂದ ಈಚೆಗೆ ಕೌಂಟರಿನ ಮುಂದೆ ಒಂದು ಹೊಸ ಪ್ರಶ್ನೆ ಜಾಸ್ತಿ ಕೇಳಿಬರುತ್ತಿದೆ. "ಉಂಗುರ ತಾನೇ? ಬೆಳ್ಳಿದೇ ತಗೊಂಡ್ರೆ ಆಗಲ್ವಾ?"

ಆಗುತ್ತದೆ. ಕೆಲವರಿಗೆ ಅದೇ ಸರಿ. ಇನ್ನು ಕೆಲವರಿಗೆ ಬಂಗಾರವೇ ಸರಿ. ಇವೆರಡರ ನಡುವೆ ಮೂರನೆಯದೊಂದಿದೆ, ಹಗೂರದ ಬಂಗಾರದ ಉಂಗುರ. ನನ್ನ ಪ್ರಕಾರ ದಿನಾ ಹಾಕೋಕೆ ಅದರಷ್ಟು ದಂಡ ಬೇರೆ ಇಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು 925 ಅಂದರೆ ಏನು ನೋಡೋಣ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಮಿಕ್ಕ 75 ಪಾಲು ಸಾಮಾನ್ಯವಾಗಿ ತಾಮ್ರ. ಸ್ಟರ್ಲಿಂಗ್ ಸಿಲ್ವರ್ ಅಂತ ಅಂಗಡಿಯವರು ಹೇಳುವುದು ಇದನ್ನೇ. ಇದೇನೂ ಹೊಸ ಫ್ಯಾಷನ್ ಅಲ್ಲ. ಬೆಳ್ಳಿ ಈ ಮಟ್ಟಕ್ಕಿಂತ ಕಡಿಮೆ ಇರಬಾರದು ಅಂತ ಇಂಗ್ಲೆಂಡಿನಲ್ಲಿ 1300ರಲ್ಲೇ ಕಾನೂನು ಬಂದಿತ್ತು. ಅಪ್ಪಟ ಬೆಳ್ಳಿಯಲ್ಲಿ ಉಂಗುರ ಮಾಡಿದರೆ ಬೇಗ ಸೊಟ್ಟಗಾಗುತ್ತದೆ, ಅದಕ್ಕೇ ತಾಮ್ರ ಬೆರೆಸುವುದು. 22 ಕ್ಯಾರೆಟ್ ಬಂಗಾರದ ಕಥೆಯೂ ಹೀಗೆಯೇ. ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಹಾಗಾಗಿ ಶುದ್ಧತೆಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬೇರೆ ಕಡೆ.

ನಮ್ಮ ಹವೆಗೆ ಯಾವುದು ತಡೆಯುತ್ತದೆ?

ಬಂಗಾರ ಗಾಳಿಗೆ, ನೀರಿಗೆ, ಬೆವರಿಗೆ ಜಗ್ಗುವುದಿಲ್ಲ. ಅಜ್ಜಿಯ ಕಾಲದ ಉಂಗುರವನ್ನು ಇವತ್ತು ಡಬ್ಬಿಯಿಂದ ತೆಗೆದರೂ ಅದೇ ಬಣ್ಣ. ಬೆಳ್ಳಿ ಹಾಗಲ್ಲ. ಅದಕ್ಕೆ ಗಂಧಕದ ಜೊತೆ ಸುಮ್ಮನಿರಲು ಬರುವುದಿಲ್ಲ. ಗಾಳಿಯಲ್ಲಿ ಗಂಧಕದ ಅನಿಲ ಎಳ್ಳಷ್ಟಿದ್ದರೂ ಸಾಕು, ಬೆಳ್ಳಿಯ ಮೇಲೆ ಕಪ್ಪು ಪದರ ಕೂರುತ್ತದೆ. ತೇವ ಇದ್ದರೆ ಇನ್ನೂ ಬೇಗ. 925ರಲ್ಲಿ ತಾಮ್ರ ಇರುವುದರಿಂದ ಅಪ್ಪಟ ಬೆಳ್ಳಿಗಿಂತ ಬೇಗ ಕಪ್ಪಾಗುತ್ತದೆ.

ಈಗ ಮಲೆನಾಡನ್ನು ನೆನೆಸಿಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಸ್ಟು ಬರುವ ಊರುಗಳಿವು. ಅದರ ಮೇಲೆ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಇದೆ. ಆ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಬೆಳ್ಳಿಯನ್ನು ಕಪ್ಪು ಮಾಡುವುದು ಮುಖ್ಯವಾಗಿ ಅದೇ. ದಿನಾ ಸಗಣಿ ಕಲಸಿ ಬಗ್ಗಡ ಎತ್ತುವ ಕೈಯಲ್ಲಿ ಬೆಳ್ಳಿ ಉಂಗುರ ಇದ್ದರೆ ವಾರದೊಳಗೆ ಮಬ್ಬಾದರೂ ಆಶ್ಚರ್ಯವಿಲ್ಲ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಉಣ್ಣೆ, ರಬ್ಬರ್, ತೋಟಕ್ಕೆ ಹೊಡೆಯುವ ಗಂಧಕದ ಪುಡಿ, ಎಲ್ಲದರಲ್ಲೂ ಗಂಧಕ ಇದೆ. ಬೆಳ್ಳಿ ಸರವನ್ನು ರಬ್ಬರ್ ಬ್ಯಾಂಡ್ ಸುತ್ತಿ ಇಡುವವರಿದ್ದಾರೆ. ಬ್ಯಾಂಡ್ ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ.

ಒಂದು ವಿಚಿತ್ರ ಗಮನಿಸಿ. ದಿನಾ ಹಾಕುವ ಬೆಳ್ಳಿ ಉಂಗುರ ಡಬ್ಬಿಯಲ್ಲಿಟ್ಟ ಉಂಗುರಕ್ಕಿಂತ ಚೆನ್ನಾಗಿರುತ್ತದೆ. ಬೆರಳಿನಲ್ಲಿ ಉಜ್ಜಿ ಉಜ್ಜಿ ಉಬ್ಬಿದ ಭಾಗಗಳು ಬೆಳ್ಳಗೆ ಹೊಳೆಯುತ್ತವೆ, ಕೆತ್ತನೆಯ ಸಂದುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಹೂಬಳ್ಳಿ ಕೆತ್ತಿದ ಹಳೆ ಉಂಗುರವೊಂದನ್ನು ಬೆಳಕಿಗೆ ಹಿಡಿದು ನೋಡಿ. ಎಲೆಯ ನರ ಒಂದೊಂದೂ ಕಪ್ಪು ಶಾಯಿಯಲ್ಲಿ ಬರೆದ ಹಾಗೆ ಎದ್ದು ಕಾಣುತ್ತದೆ. ಈ ಚೆಂದಕ್ಕಾಗಿ ಅಂಗಡಿಯಲ್ಲೇ ಬೇಕಂತ ಕಪ್ಪು ಮಾಡಿ ಮಾರುವ ಉಂಗುರಗಳೂ ಇವೆ. ಆಕ್ಸಿಡೈಸ್ಡ್ ಅನ್ನುತ್ತಾರೆ. ಮಲೆನಾಡಿನವರು 925 ತೆಗೆದುಕೊಳ್ಳುವುದಾದರೆ ನಾನು ಹೇಳುವುದು ಇದನ್ನೇ. ಹೇಗೂ ಕಪ್ಪಾಗುವುದು ಗ್ಯಾರಂಟಿ, ಕಪ್ಪೇ ಚೆಂದವಾಗಿರುವುದನ್ನು ತಗೊಳ್ಳಿ.

ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ 925 ಉಂಗುರ ಕಂಡರೆ ಅದರ ಮೇಲೆ ರೋಡಿಯಂ ಅನ್ನುವ ಬೆಳ್ಳಗಿನ, ಕಪ್ಪಾಗದ ಲೋಹದ ಪಾಲಿಶ್ ಇದೆಯಾ ಅಂತ ಕೇಳಿ. ಬಹಳಷ್ಟರ ಮೇಲೆ ಇರುತ್ತದೆ. ಅದು ಇರುವಷ್ಟು ದಿನ ಉಂಗುರ ಕಪ್ಪಾಗುವುದಿಲ್ಲ. ದಿನಾ ಹಾಕಿದರೆ ವರ್ಷ, ಎರಡು ವರ್ಷದಲ್ಲಿ ಬೆರಳಿನ ಒಳಬದಿಯಿಂದ ಶುರುವಾಗಿ ಸವೆಯುತ್ತದೆ. ಕೆಳಗಿನ ಬೆಳ್ಳಿ ತುಸು ಹಳದಿಯಾಗಿ ಕಾಣುತ್ತದೆ. ಆಗ "ಮೋಸ ಆಯ್ತು" ಅಂದುಕೊಳ್ಳಬೇಡಿ, ಬೆಳ್ಳಿಯ ನಿಜವಾದ ಬಣ್ಣವೇ ಅದು. ಬೆಳ್ಳಿಗೆ ಚಿನ್ನದ ನೀರು ಹಾಕಿದ ಉಂಗುರಕ್ಕೂ ಇದೇ ಗತಿ, ಇನ್ನೂ ಬೇಗ.

ಸವೆತ, ಬಾಗುವುದು ಇತ್ಯಾದಿಗಳಲ್ಲಿ ದೊಡ್ಡ ಫರಕಿಲ್ಲ. ಎರಡೂ ಮೆತ್ತಗಿನ ಲೋಹಗಳೇ, 925 ತುಸು ಗಟ್ಟಿ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಕೈ ನೋಡಿದರೆ ಗೊತ್ತಾಗುತ್ತದೆ. ಒಂದೊಂದು ಕಾಯಿ ಒತ್ತುವಾಗಲೂ ಉಂಗುರದ ಅಡಿಭಾಗಕ್ಕೆ ಉಜ್ಜುತ್ತದೆ. ವರ್ಷಗಳು ಕಳೆದರೆ ಮೇಲೆ ಡಿಸೈನ್ ಹಾಗೇ ಇರುತ್ತದೆ, ಅಡಿಯಲ್ಲಿ ತಂತಿಯಷ್ಟು ತೆಳ್ಳಗಾಗಿರುತ್ತದೆ. ಬೆಳ್ಳಿಯಾದರೆ ಸವೆದು ಹೋದದ್ದಕ್ಕೆ ಯಾರೂ ಅಳುವುದಿಲ್ಲ. ಬಂಗಾರವಾದರೆ ಸವೆದದ್ದು ದುಡ್ಡು. ಹಸಿ ಅಡಿಕೆಯ ಚೊಗರು ಮಾತ್ರ ಬಡವ ಬಲ್ಲಿದ ಅಂತ ನೋಡುವುದಿಲ್ಲ, ಎರಡರ ಸಂದಿಗೂ ಹೊಕ್ಕು ಕೂರುತ್ತದೆ.

ಬೆರಳಿಗೆ ಹಸಿರು ಅಥವಾ ಕಪ್ಪು ಕಲೆ ಹತ್ತಿದರೆ ಅದು ನಕಲಿ ಅನ್ನುವ ಮಾತಿದೆ. ಹಾಗೇನಿಲ್ಲ. 925ರಲ್ಲಿರುವ ತಾಮ್ರ ಬೆವರಿಗೆ ಸೇರಿದರೂ ಕಲೆ ಬರಬಹುದು, ಸೋಪು ಹಾಕಿ ತೊಳೆದರೆ ಹೋಗುತ್ತದೆ. ತುರಿಕೆ, ಗುಳ್ಳೆ ಆದರೆ ಮಾತ್ರ ಅನುಮಾನಪಡಿ. ನಿಕ್ಕಲ್ ಬೆರೆಸಿರಬಹುದು.

ದುಡ್ಡಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನವರು ಬಿಲ್ಲಿನ ಮೊತ್ತ ನೋಡಿ ಹೋಲಿಸುತ್ತಾರೆ. ನೋಡಬೇಕಾದದ್ದು ಅದೇ ಉಂಗುರ ವಾಪಸ್ ಕೊಟ್ಟರೆ ಕೈಗೆ ಎಷ್ಟು ಬರುತ್ತದೆ ಅಂತ.

ದರ ದಿನಾ ಏರಿಳಿಯುವುದರಿಂದ ಲೆಕ್ಕಕ್ಕೆ ಮಾತ್ರ ಒಂದು ದರ ಇಟ್ಟುಕೊಳ್ಳೋಣ. 22 ಕ್ಯಾರೆಟ್ ಚಿನ್ನ ಗ್ರಾಮಿಗೆ 12,000 ರೂಪಾಯಿ, ಬೆಳ್ಳಿ ಗ್ರಾಮಿಗೆ 180. ನೀವು ಹೋದ ದಿನದ ದರ ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಿ.

4 ಗ್ರಾಮಿನ ಬಂಗಾರದ ಉಂಗುರ. ಚಿನ್ನದ ಬೆಲೆ 48,000. ಮಜೂರಿ ಶೇಕಡ 12 ಅಂದರೆ 5,760. ಎರಡೂ ಸೇರಿ 53,760. ಅದರ ಮೇಲೆ ಶೇಕಡ 3 ಜಿಎಸ್‌ಟಿ, ಹತ್ತಿರ ಹತ್ತಿರ 1,613. ಹಾಲ್‌ಮಾರ್ಕಿಗೆ, ಅಂದರೆ ಪರೀಕ್ಷೆ ಮಾಡಿ ಒತ್ತುವ ಶುದ್ಧತೆಯ ಮುದ್ರೆಗೆ, ಒಂದು ಒಡವೆಗೆ 45 ರೂಪಾಯಿ ಮತ್ತು ತೆರಿಗೆ. ಒಟ್ಟು ಸುಮಾರು 55,425 ರೂಪಾಯಿ. ಅದೇ ದರ ಇರುವಾಗ ವಾಪಸ್ ಕೊಟ್ಟರೆ ಮಜೂರಿ, ತೆರಿಗೆ ಎರಡೂ ಹೋಯಿತು. ಅಂಗಡಿಯವರು ಚಿನ್ನದ ಬೆಲೆಯಲ್ಲೂ ಶೇಕಡ 3 ಮುರಿದುಕೊಂಡರು ಅನ್ನಿ, ಕೈಗೆ 46,560 ಬರುತ್ತದೆ. ಕಳೆದುಕೊಂಡದ್ದು ಒಂಬತ್ತು ಸಾವಿರದ ಹತ್ತಿರ.

ಈಗ ಅದೇ ಅಳತೆಯ, ಅದೇ ದಪ್ಪದ ಬೆಳ್ಳಿ ಉಂಗುರ. ಇದು 4 ಗ್ರಾಂ ತೂಗುವುದಿಲ್ಲ. 22 ಕ್ಯಾರೆಟ್ ಚಿನ್ನ 925 ಬೆಳ್ಳಿಗಿಂತ ಸುಮಾರು 1.7 ಪಟ್ಟು ಭಾರ, ಹಾಗಾಗಿ ಬೆಳ್ಳಿಯದ್ದು 2.35 ಗ್ರಾಮಿನ ಆಸುಪಾಸು ಬರುತ್ತದೆ. ಅದರೊಳಗಿನ ಬೆಳ್ಳಿಯ ಬೆಲೆ 400 ರೂಪಾಯಿಯೂ ಇಲ್ಲ. ಆದರೆ 925 ಉಂಗುರಗಳನ್ನು ತೂಕಕ್ಕೆ ಮಾರುವುದು ಕಡಿಮೆ, ಪೀಸಿಗಿಷ್ಟು ಅಂತ ಚೀಟಿ ಅಂಟಿಸಿರುತ್ತಾರೆ. 1,200 ಅಂತ ಇಟ್ಟುಕೊಳ್ಳಿ. ಅಂದರೆ ಮೂರರಲ್ಲಿ ಒಂದು ಪಾಲು ಮಾತ್ರ ಬೆಳ್ಳಿ, ಮಿಕ್ಕದ್ದು ಕೆಲಸ, ಕಲ್ಲು, ಪಾಲಿಶ್, ಅಂಗಡಿಯ ಲಾಭ. ವಾಪಸ್ ಕೊಡಲು ಹೋದರೆ ಹಳೆ ಬೆಳ್ಳಿಯ ದರ ಹಾಕುತ್ತಾರೆ. ಎರಡು ಗ್ರಾಮಿನ ಉಂಗುರಕ್ಕೆ ಎಷ್ಟೋ ಕಡೆ "ಇಟ್ಕೊಳ್ಳಿ ಅಕ್ಕ, ಇದಕ್ಕೇನು ಕೊಡೋದು" ಅನ್ನುತ್ತಾರೆ. ಪೂರ್ತಿ ಹೋಯಿತು ಅಂತಲೇ ಲೆಕ್ಕ ಹಿಡಿಯಿರಿ.

ಶೇಕಡಾವಾರು ನೋಡಿದರೆ ಬೆಳ್ಳಿಯಲ್ಲಿ ನೂರಕ್ಕೆ ನೂರು ನಷ್ಟ, ಬಂಗಾರದಲ್ಲಿ ಹದಿನಾರು. ರೂಪಾಯಿಯಲ್ಲಿ ನೋಡಿದರೆ ಬೆಳ್ಳಿಯಲ್ಲಿ 1,200, ಬಂಗಾರದಲ್ಲಿ ಒಂಬತ್ತು ಸಾವಿರ. ಬೆಳ್ಳಿ ಉಂಗುರ ಒಂದು ಒಳ್ಳೆ ಅಂಗಿ ತಗೊಂಡ ಹಾಗೆ. ಹಾಕಿ, ಹಳೆಯದಾದರೆ ಬಿಡಿ. ಬಂಗಾರದಲ್ಲಿ ಮಜೂರಿ ಹೋದರೂ ದೊಡ್ಡ ಮೊತ್ತ ಕೂಡಿಕೆಯಾಗಿ ಕೂತಿರುತ್ತದೆ, ದರ ಏರಿದರೆ ಅದೂ ಏರುತ್ತದೆ. ಇಳಿಯಲೂಬಹುದು, ಅದನ್ನು ಮರೆಯಬೇಡಿ.

ಬಂಗಾರಕ್ಕೆ ಇನ್ನೊಂದು ಬಲ ಇದೆ. ಕೊಳೆ ರೋಗ ಬಂದು ಫಸಲು ನೆಲ ಕಚ್ಚಿದ ವರ್ಷ ಸೊಸೈಟಿಗೋ ಬ್ಯಾಂಕಿಗೋ ಹೋಗಿ ಅಡವಿಟ್ಟರೆ ಅವತ್ತೇ ದುಡ್ಡು ಸಿಗುತ್ತದೆ. ಬೆಳ್ಳಿ ಒಡವೆಯ ಮೇಲೂ ಸಾಲ ಕೊಡುವುದಕ್ಕೆ ರಿಸರ್ವ್ ಬ್ಯಾಂಕಿನ 2025ರ ನಿಯಮ ದಾರಿ ಮಾಡಿದೆ. ಆದರೆ ಅದು ಕಾಲ್ಗೆಜ್ಜೆ, ಡಾಬಿನಂತಹ ತೂಕದ ಒಡವೆಗೆ ಉಪಯೋಗ. ಎರಡು ಗ್ರಾಮಿನ ಉಂಗುರ ಹಿಡಿದು ಹೋದರೆ ಮ್ಯಾನೇಜರ್ ನಗುತ್ತಾರೆ.

ಈಗ ಹಗೂರದ ಬಂಗಾರದ ಉಂಗುರಕ್ಕೆ ಬರೋಣ. "ಬಜೆಟ್ ಕಡಿಮೆ ಇದೆಯಾ? ಒಂದೂವರೆ ಗ್ರಾಮಿನದ್ದು ಕೊಡ್ತೀವಿ, ಲೈಟ್ ವೇಟ್" ಅಂತ ಟ್ರೇ ಮುಂದಿಡುತ್ತಾರೆ. ನೋಡಲು ಚೆಂದವೇ. ಲೆಕ್ಕ ಹಾಕಿ ನೋಡಿ. ಚಿನ್ನ 18,000. ಇಂಥ ಸಣ್ಣ ಕೆಲಸಕ್ಕೆ ಮಜೂರಿ ಜಾಸ್ತಿ, ಶೇಕಡ 20 ಅಂದರೂ 3,600. ತೆರಿಗೆ ಸೇರಿ 22,248. ವಾಪಸ್ ಕೊಟ್ಟರೆ 17,460. ನೂರಕ್ಕೆ ಇಪ್ಪತ್ತೊಂದು ರೂಪಾಯಿ ಹೋಯಿತು. ಜೊತೆಗೆ ಎಷ್ಟೋ ಸಲ ಉಂಗುರದ ಒಳಗೆ ಪೊಳ್ಳು ಇರುತ್ತದೆ, ಬಿಂದಿಗೆ ಎತ್ತುವಾಗ ಒಮ್ಮೆ ಒತ್ತಿದರೆ ತಗ್ಗು. ಬೆಸುಗೆ ಹಾಕಿಸಲು ಹೋದರೆ ಆಚಾರ್ರು ತಿರುಗಿಸಿ ಮುರುಗಿಸಿ ನೋಡಿ "ಇದಕ್ಕೆ ಬೆಂಕಿ ಹಿಡಿದ್ರೆ ಕರಗಿ ಹೋಗುತ್ತೆ" ಅನ್ನುತ್ತಾರೆ. ಇದೂ ಸಾಲದು ಅಂತ, 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವೇ ಅಲ್ಲ. ಕೆಲವು ಅಂಗಡಿಗಳು ಹಾಕಿಸಿರುತ್ತವೆ, ಕೆಲವು ಇಲ್ಲ. ದಿನಾ ಕೆಲಸ ಮಾಡುವ ಕೈಗೆ ಇದನ್ನು ತಗೊಳ್ಳುವುದಕ್ಕಿಂತ ಸಾವಿರ ರೂಪಾಯಿಯ ಬೆಳ್ಳಿ ಉಂಗುರ ಹಾಕಿಕೊಂಡು ಉಳಿದ ದುಡ್ಡು ಕೂಡಿಡಿ. ಕೂಡಿದ ಮೇಲೆ ಗಟ್ಟಿ ಉಂಗುರ ಮಾಡಿಸಿದರಾಯಿತು.

ಮುದ್ರೆ ನೋಡುವುದು ಹೇಗೆ

ಬಂಗಾರದಲ್ಲಿ ಇದು ಈಗ ಸುಲಭ. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಬೇರೆಯಾಗಿ ಕೊಡುವ ಗುರುತಿನ ಸಂಖ್ಯೆಯೂ ಇರಲೇಬೇಕು. ಉಂಗುರದ ಒಳಬದಿಯಲ್ಲಿ ಮೂರು ಗುರುತು ಹುಡುಕಿ: ತ್ರಿಕೋನದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, 22ಕೆ916 ಅನ್ನುವ ಶುದ್ಧತೆ, ಆಮೇಲೆ ಆ ಆರು ಅಕ್ಷರ. ಬರಿಗಣ್ಣಿಗೆ ಇರುವೆ ಸಾಲಿನಂತೆ ಕಾಣುವಷ್ಟು ಸಣ್ಣದು. ನಾಚಿಕೆ ಬೇಡ, ಭೂತಗನ್ನಡಿ ಕೇಳಿ, ಎಲ್ಲ ಅಂಗಡಿಯಲ್ಲೂ ಇರುತ್ತದೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ಆ ಸಂಖ್ಯೆ ಹಾಕಿದರೆ ಅದು ಯಾವ ಒಡವೆ, ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಅಂತ ತೋರಿಸುತ್ತದೆ. ಕೈಯಲ್ಲಿರುವುದು ಉಂಗುರ, ಆ್ಯಪಿನಲ್ಲಿ ಓಲೆ ಅಂತ ಬಂದರೆ ಎದ್ದು ಬನ್ನಿ. ಬಿಲ್ಲು ಹಾಕುವ ಮೊದಲೇ ನೋಡುವುದು ಒಳ್ಳೆಯದು.

"ಕೆಡಿಎಂ ಬಂಗಾರ" ಅಂತ ಈಗಲೂ ಹೇಳುವವರಿದ್ದಾರೆ. ಅದು ಬೆಸುಗೆಗೆ ಕ್ಯಾಡ್ಮಿಯಂ ಬಳಸುತ್ತಿದ್ದ ಕಾಲದ ಹೆಸರು. ಆ ಹೊಗೆ ಆಚಾರ್ರ ಶ್ವಾಸಕೋಶಕ್ಕೆ ವಿಷ. ಶುದ್ಧತೆಗೆ ಅದು ಗ್ಯಾರಂಟಿಯೇನೂ ಅಲ್ಲ.

ಬೆಳ್ಳಿಯಲ್ಲಿ ಹುಷಾರಾಗಿರಬೇಕು. ಒಳಗೆ "925" ಅಂತಲೋ "ಎಸ್925" ಅಂತಲೋ ಒತ್ತಿದ್ದರೆ ಅದು ಮಾಡಿದವರ ಮಾತಷ್ಟೇ, ಯಾರು ಬೇಕಾದರೂ ಒತ್ತಬಹುದು. ಬೆಳ್ಳಿಗೂ ಬಿಐಎಸ್ ಹಾಲ್‌ಮಾರ್ಕ್ ಇದೆ, 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿಯೂ ಬಂದಿದೆ. ಆದರೆ ಇದು ಅಂಗಡಿಯವರ ಇಚ್ಛೆಗೆ ಬಿಟ್ಟದ್ದಾಗಿ ಶುರುವಾದ ಪದ್ಧತಿ. ಸಿಕ್ಕರೆ ಅಂಥದ್ದನ್ನೇ ತಗೊಳ್ಳಿ. ಇಲ್ಲದಿದ್ದರೆ ಬಿಲ್ಲಿನಲ್ಲಿ "925 ಬೆಳ್ಳಿ" ಅಂತ ತೂಕದ ಜೊತೆ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿದಂತೆಯೇ.

ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಜಾತ್ರೆಯಲ್ಲಿ, ಪೂಜೆ ಸಾಮಾನಿನ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಅದರ ಬೆಲೆಗೆ ತಗೊಂಡರೆ ತಪ್ಪಿಲ್ಲ, 925ರ ಬೆಲೆಗೆ ತಗೊಳ್ಳಬೇಡಿ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವ ವಿಡಿಯೋಗಳನ್ನು ಪೂರ್ತಿ ನಂಬಬೇಡಿ. ಅಂಟಿದರೆ ಒಳಗೆ ಕಬ್ಬಿಣದಂಥ ಬೇರೆ ಲೋಹ ಇದೆ ಅಂತ ಗೊತ್ತಾಗುತ್ತದೆ ನಿಜ. ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ, ತಾಮ್ರ ಹಿತ್ತಾಳೆಗಳೂ ಅಂಟುವುದಿಲ್ಲ.

ಮನೆಯಲ್ಲಿರುವ ಹಳೆ ಬಂಗಾರದ ಮೇಲೆ ಅನುಮಾನ ಇದ್ದರೆ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ನೀವೇ ಒಯ್ದು ಕೊಡಬಹುದು. ನಾಲ್ಕು ಒಡವೆಯ ತನಕ 200 ರೂಪಾಯಿ ಶುಲ್ಕ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ಕಡಿಮೆಯಾದ ಚಿನ್ನದ ಬೆಲೆಯ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ವಾಪಸ್ ಪಡೆಯುವ ಹಕ್ಕು ನಿಯಮದಲ್ಲೇ ಇದೆ. ಬಿಲ್ಲು ಇರಬೇಕು ಅಷ್ಟೇ. "ಬಿಲ್ಲು ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀವಿ" ಅನ್ನುವವರಿಗೆ ಬಲಿಯಾಗಬೇಡಿ.

ಯಾರಿಗೆ ಯಾವುದು

ಮದುವೆ, ನಿಶ್ಚಿತಾರ್ಥದ ಉಂಗುರ ಬಂಗಾರದ್ದೇ ಇರಲಿ. 4 ಗ್ರಾಮಿಗೆ ಕಡಿಮೆ ಬೇಡ, ಡಿಸೈನ್ ಸಾದಾ ಇರಲಿ. ಸಾದಾ ಇದ್ದಷ್ಟೂ ಮಜೂರಿ ಕಡಿಮೆ. ಊರಿನಲ್ಲಿ ನಂಬಿಕೆಯ ಆಚಾರ್ರು ಇದ್ದರೆ ಅವರ ಹತ್ತಿರ ಮಾಡಿಸಿ, ಹಾಲ್‌ಮಾರ್ಕ್ ಹಾಕಿಸಿಕೊಡಿ ಅಂತ ಮೊದಲೇ ಹೇಳಿ. ಕಲ್ಲಿನ ಉಂಗುರವಾದರೆ 18 ಕ್ಯಾರೆಟ್ ಯೋಚಿಸಿ. ಮುಕ್ಕಾಲು ಪಾಲು ಚಿನ್ನ, ಗಟ್ಟಿ ಜಾಸ್ತಿ, ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಕಲ್ಲಿನ ತೂಕ ಕಳೆದು ಚಿನ್ನದ ದರ ಹಾಕಿದ್ದಾರಾ ಅಂತ ನೋಡುವುದು ನಿಮ್ಮ ಜವಾಬ್ದಾರಿ. ಹಿರಿಯರಿಗೆ 18 ಕ್ಯಾರೆಟ್ ಅಂದರೆ ಮೂಗು ಮುರಿಯುವ ಚಾಳಿ ಇದೆ, ಅದನ್ನು ನೀವೇ ನಿಭಾಯಿಸಿಕೊಳ್ಳಬೇಕು.

ತೋಟ, ಕೊಟ್ಟಿಗೆ, ಅಡುಗೆಮನೆಯ ಕೈಗೆ ಬೆಳ್ಳಿ. ಕಾಲೇಜು ಹುಡುಗ ಹುಡುಗಿಯರಿಗೂ ಬೆಳ್ಳಿಯೇ, ಬೆರಳೂ ಮನಸ್ಸೂ ಇನ್ನೂ ಬದಲಾಗುವ ವಯಸ್ಸು. ಜೋಗ, ಕೊಡಚಾದ್ರಿ ಅಂತ ಸುತ್ತುವವರು, ಹೊಳೆಯಲ್ಲಿ ಈಜುವವರು ಬಂಗಾರ ಹಾಕಿಕೊಂಡು ಹೋಗುವುದೇ ತಪ್ಪು. ತಣ್ಣೀರಿಗೆ ಬೆರಳು ಕುಗ್ಗುತ್ತದೆ, ಉಂಗುರ ಜಾರಿದ್ದು ಗೊತ್ತೇ ಆಗುವುದಿಲ್ಲ. ಕಾಲುಂಗುರದ ಪ್ರಶ್ನೆಯೇ ಬರುವುದಿಲ್ಲ, ಸೊಂಟದಿಂದ ಕೆಳಗೆ ಬಂಗಾರ ಹಾಕಬಾರದು ಅನ್ನುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ಪೂಜೆ-ಕರ್ಮಗಳಿಗೆ ಹಾಕುವ, ಗಂಟಿನ ಆಕಾರದ ಪವಿತ್ರದುಂಗುರವನ್ನು ಎರಡರಲ್ಲೂ ಮಾಡಿಸುತ್ತಾರೆ. ದಿನಾ ಹಾಕುವವರಾದರೆ ಬಂಗಾರವೇ ವಾಸಿ, ಗಂಟಿನ ಸಂದಿಯಲ್ಲಿ ಬೆಳ್ಳಿ ಕಪ್ಪಾದರೆ ತೆಗೆಯುವುದು ಕಷ್ಟ.

ಅಳತೆ ಸಂಜೆ ಹೊತ್ತು ಕೊಡಿ, ಬೆಳಿಗ್ಗೆ ಚಳಿಗೆ ಬೆರಳು ಸಣ್ಣಗಿರುತ್ತದೆ. ರೋಡಿಯಂ ಹಾಕಿದ 925 ಉಂಗುರವನ್ನು ದೊಡ್ಡದು ಚಿಕ್ಕದು ಮಾಡಿಸಲು ಹೋಗಬೇಡಿ. ಬೆಂಕಿ ತಾಗಿದ ಕಡೆ ಪಾಲಿಶ್ ಕೆಡುತ್ತದೆ, ಮತ್ತೆ ಹಾಕಿಸುವ ಖರ್ಚಿಗೆ ಹೊಸದೇ ಬರುತ್ತದೆ.

ಬೆಳ್ಳಿ ಕಪ್ಪಾದರೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕುವವರೇ ಜಾಸ್ತಿ. ಅದರಲ್ಲಿರುವ ಪುಡಿ ಗೀರು ಬೀಳಿಸುತ್ತದೆ. ಅದಕ್ಕಿಂತ ಒಂದು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಉಂಗುರ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಯುವ ನೀರು ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಕಪ್ಪು ಪದರದ ಗಂಧಕ ಬಿಟ್ಟುಹೋಗಿ ಬೆಳ್ಳಿ ಅಲ್ಲೇ ಉಳಿಯುತ್ತದೆ, ಸವೆಯುವುದಿಲ್ಲ. ಬೇಕಂತ ಕಪ್ಪು ಮಾಡಿದ ಉಂಗುರಕ್ಕೆ, ಮುತ್ತು ಹವಳ ಕೂರಿಸಿದ್ದಕ್ಕೆ ಇದು ಬೇಡ. ಅವುಗಳಿಗೆ ಅಂಟುವಾಳದ ನೊರೆ, ಮೆತ್ತಗಿನ ಬಟ್ಟೆ ಸಾಕು. ಬಂಗಾರಕ್ಕೂ ಅದೇ ಅಂಟುವಾಳದ ನೀರು, ಹಳೆ ಬ್ರಷ್ ಇದ್ದರೆ ಆಯಿತು. ಮಳೆಗಾಲದಲ್ಲಿ ಬೆಳ್ಳಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಇಡಿ. ಜೊತೆಗೆ ಒಂದು ತುಂಡು ಸೀಮೆಸುಣ್ಣ ಹಾಕಿದರೆ ತೇವ ಅದು ಎಳೆದುಕೊಳ್ಳುತ್ತದೆ.